ಬರದ ಲೆಕ್ಕ

ರಾತ್ರಿ ಎಂಟು ಗಂಟೆ. ಕತ್ತಲಗೆರೆಯ ಕಲಿಕಾ ಕೇಂದ್ರ. ಅಂದು ಕಳೆಯುವ ಲೆಕ್ಕದ ಪಾಠ.

ಅಜ್ಜಿಯೊಬ್ಬರು ಕೇಳಿದರು: "ಮೇಷ್ಟ್ರೇ, ನಮ್ಮ ಹಿರೇರು ಧಾತು ಬರ ಅಂತ ಹೇಳ್ತಿದ್ರು. ಆಗ ಎಷ್ಟು ಜನ ಸತ್ರು?"

ಮೇಷ್ಟ್ರು ಹಲಗೆ ಮೇಲೆ ಬರೆದರು:

ಮೈಸೂರು ಸಂಸ್ಥಾನದ ಜನ
1871ರಲ್ಲಿ – 50,55,412
1881ರಲ್ಲಿ – 41,86,188
ಕಡಿಮೆ ಆದದ್ದು – 8,69,224

ನಮ್ಮ ಚನ್ನಗಿರಿಯೂ ಆಗ ಆ ಸಂಸ್ಥಾನದಲ್ಲಿತ್ತು. ಈ ಎರಡು ಎಣಿಕೆಗಳ ನಡುವೆ, 1876ರಿಂದ 1878ರವರೆಗೆ, ದೊಡ್ಡ ಬರ ಬಂತು. ಧಾತು, ಈಶ್ವರ ಸಂವತ್ಸರಗಳ ಬರ ಅದು. ಮಳೆ ಹೋಯಿತು. ಕಾಳು ಸಿಗಲಿಲ್ಲ. ಹಸಿವಿನ ಹಿಂದೆ ರೋಗ ಬಂತು.

"ಹಾಗಾದ್ರೆ ಸತ್ತೋರು ಎಂಟು ಲಕ್ಷದ ಮೇಲೆ ಅನ್ನಿ" ಅಂದರು ಅಜ್ಜಿ.

"ಅಷ್ಟು ಸುಲಭ ಅಲ್ಲ ಅಜ್ಜಿ. ಗುಳೆ ಹೋದೋರು ಬೇರೆ ಕಡೆ ಬದುಕಿದ್ರೂ ಇಲ್ಲಿ ಲೆಕ್ಕಕ್ಕೆ ಸಿಗಲಿಲ್ಲ. ಬರದಲ್ಲಿ ಕೂಸು ಹುಟ್ಟೋದೂ ಕಡಿಮೆ ಆಯ್ತು. ಇನ್ನು 1871 ಆದ್ಮೇಲೆ ಹುಟ್ಟಿ, ಬರದಲ್ಲೇ ಸತ್ತ ಮಕ್ಕಳು ಎರಡು ಎಣಿಕೆಯಲ್ಲೂ ಇಲ್ಲ."

"ನಮ್ಮ ಮುತ್ತಜ್ಜನ ಅಕ್ಕ ಗುಳೆ ಹೋದೋಳು ತಿರುಗಿ ಬರಲಿಲ್ಲವಂತೆ. ಅವಳು ಯಾವ ಲೆಕ್ಕದಲ್ಲಿ?"

ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ.

ಇಂದಿಗೂ ಈ ಕಷ್ಟ ಇದೆ. 2019ರ ಆಗಸ್ಟ್ ತಿಂಗಳಲ್ಲಿ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ನೆರೆ ಬಂತು. ಸಾವಿರಾರು ಮನೆ ಬಿದ್ದವು. ನೆರೆ ಬಂದಾಗ ಕೆಲವರು ಪರಿಹಾರ ಕೇಂದ್ರಕ್ಕೆ ಹೋಗುತ್ತಾರೆ. ಕೆಲವರು ನೆಂಟರ ಮನೆಗೆ ಹೋಗುತ್ತಾರೆ. ಕೇಂದ್ರದಲ್ಲಿ ಮಾತ್ರ ಎಣಿಸಿದರೆ ನೆಂಟರ ಮನೆಯಲ್ಲಿರುವವರು ಬಿಟ್ಟುಹೋಗುತ್ತಾರೆ. ಎರಡು ಕಡೆ ಬರೆದರೆ ಒಬ್ಬರೇ ಇಬ್ಬರಾಗುತ್ತಾರೆ. ಒಂದು ಮನೆಯಲ್ಲಿ ಮೂರು ಒಲೆ ಉರಿಯುತ್ತಿದ್ದರೆ ಅದು ಒಂದು ಸಂಸಾರವೋ, ಮೂರೋ? ಬಿದ್ದ ಮನೆ ಅದನ್ನು ಹೇಳುವುದಿಲ್ಲ.

ಪಟ್ಟಿಯಲ್ಲಿ ಹೆಸರು ತಪ್ಪಿದರೆ ಅಕ್ಕಿ ತಪ್ಪುತ್ತದೆ. ಪರಿಹಾರವೂ ತಪ್ಪುತ್ತದೆ.

ಅದಕ್ಕೇ ಬರೆದುಕೊಳ್ಳಲು ಬಂದವರಿಗೆ ಮನೆಯ ಎಲ್ಲರ ಹೆಸರು ಹೇಳಿ. ಎಳೆ ಕೂಸನ್ನು ಬಿಡಬೇಡಿ. ಮುದುಕರನ್ನು ಬಿಡಬೇಡಿ. ದುಡಿಯಲು ಹೊರಗೆ ಹೋದವರು ಎಲ್ಲಿದ್ದಾರೆ, ತಿಳಿಸಿ. ಒಬ್ಬರ ಹೆಸರನ್ನು ಎರಡು ಸಲ ಬರೆಸಬೇಡಿ. ಕೊನೆಗೆ ಪಟ್ಟಿ ಕೇಳಿ ಪಡೆದು ನೀವೇ ಓದಿ. ಈಗ ನಿಮಗೆ ಓದಲು ಬರುತ್ತದೆ.

ಅಜ್ಜಿ ಅಂದೇ ಸ್ಲೇಟು ಹಿಡಿದು ಮನೆಯವರ ಹೆಸರು ಬರೆದರು. ಮೊದಲು ಮೊಮ್ಮಗಳ ಹೆಸರು. ಕೊನೆಗೆ ತಮ್ಮದು.

ಅಭ್ಯಾಸ
1. 50,55,412ರಲ್ಲಿ 41,86,188 ಕಳೆಯಿರಿ.
2. ಗುಳೆ ಹೋದವರನ್ನು ಎಣಿಸುವುದು ಏಕೆ ಕಷ್ಟ?
3. ನಿಮ್ಮ ಮನೆಯವರೆಲ್ಲರ ಹೆಸರು ಬರೆಯಿರಿ. ಊರಲ್ಲಿ ಇಲ್ಲದವರು ಎಲ್ಲಿದ್ದಾರೆ? ಅದನ್ನೂ ಬರೆಯಿರಿ.