ಪಾಳಿ ಮುರಿಯಬೇಡ ಕಣೋ

ಮೊನ್ನೆ ರಾತ್ರಿ ಎರಡು ಗಂಟೆಗೆ ನೀನು ಹೆಡ್‌ಫೋನ್ ಕಿತ್ತೆಸೆದ ಸದ್ದಿಗೆ ನಿಮ್ಮಮ್ಮ ಬೆಚ್ಚಿ ಎದ್ದು ಕೂತಳಂತೆ. ಬೆಳಿಗ್ಗೆ ನನಗೇ ಫೋನು: "ಅವನಿಗೆ ಈ ಚಟ ಹಿಡಿಸಿದವನು ನೀನೇ, ನೀನೇ ಬುದ್ಧಿ ಹೇಳು." ಅಕ್ಕ ಹೇಳಿದ್ದು ಸುಳ್ಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಟದಲ್ಲಿ ನಿಮ್ಮ ತಂಡ ಐದು ಗಂಟೆ ಕಾದ ಬಾಸ್ ರಾಕ್ಷಸನನ್ನು ಯಾವುದೋ ದೊಡ್ಡ ಗಿಲ್ಡ್ ಬಂದು ಹೊಡೆದುಕೊಂಡು ಹೋಯಿತು. ಆ ಸಿಟ್ಟಿಗೆ ಈ ಶನಿವಾರ ನೀವು ಇನ್ನೊಂದು ಚಿಕ್ಕ ಗಿಲ್ಡಿನ ಪಾಳಿಗೆ ನುಗ್ಗುತ್ತೀರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ನಾನು ಆಡುತ್ತಿದ್ದದ್ದು ಎವರ್‌ಕ್ವೆಸ್ಟ್, 1999ರಲ್ಲಿ ಬಂದ ಆಟ. ಇಡೀ ಸರ್ವರ್‌ಗೆ ಒಂದೇ ನಾಗಫೆನ್ ಡ್ರ್ಯಾಗನ್. ಸತ್ತರೆ ಮತ್ತೆ ಹುಟ್ಟಲು ಹೆಚ್ಚುಕಡಿಮೆ ಒಂದು ವಾರ. ಯಾವ ಗುಂಪು ಹೆಚ್ಚು ಪೆಟ್ಟು ಕೊಟ್ಟಿತೋ ಲೂಟ್ ಅದಕ್ಕೆ. ಎಷ್ಟು ಹೊತ್ತು ಕಾದೆ ಅನ್ನುವುದಕ್ಕೆ ಕಿಮ್ಮತ್ತಿಲ್ಲ. ಆಮೇಲೆ 52ನೇ ಲೆವೆಲ್ ದಾಟಿದವರನ್ನು ಡ್ರ್ಯಾಗನ್ನೇ ಆಚೆ ಎಸೆಯುವ ಏರ್ಪಾಡನ್ನು ಕಂಪನಿ ಮಾಡಿತು, ದೊಡ್ಡವರು ಚಿಕ್ಕವರ ತಟ್ಟೆಗೆ ಕೈ ಹಾಕದಿರಲಿ ಅಂತ. ಉಳಿದದ್ದನ್ನು ಗಿಲ್ಡ್‌ಗಳೇ ಮಾತಾಡಿಕೊಂಡು ಪಾಳಿ ಹಾಕಿಕೊಂಡಿದ್ದವು. ನಾಲೆ ನೀರಿಗೆ ನಿಮ್ಮ ತಾತ ಲಾಟೀನು ಹಿಡಿದು ಕಾಯುತ್ತಿದ್ದರಲ್ಲ, ಅದೇ ಪಾಳಿ.

ಒಂದು ಭಾನುವಾರ ನಮ್ಮದಲ್ಲದ ಪಾಳಿಯಲ್ಲಿ ನಾವು ಆ ಡ್ರ್ಯಾಗನ್ನಿನ ಗುಹೆಗೆ ಹೋದೆವು, "ಸುಮ್ಮನೆ ನೋಡೋಕೆ". ಒಳಗೆ ಬೇರೆ ಗಿಲ್ಡ್ ಹೋರಾಡುತ್ತಿತ್ತು. ನಾಗಫೆನ್‌ನ ಜೀವ ಐದರಲ್ಲೊಂದು ಪಾಲು ಉಳಿದಿತ್ತು. ಅವರಲ್ಲಿ ಗಾಯ ಮಾಯಿಸುವ ಕ್ಲೆರಿಕ್‌ಗಳು ಮಂತ್ರಶಕ್ತಿ ಬತ್ತಿ ನೆಲಕ್ಕೆ ಕೂತಿದ್ದರು. ನಾವು ನಾಲ್ಕು ಸಲ ಹೀಲ್ ಮಾಡಿದ್ದರೆ ಗೆದ್ದುಬಿಡುತ್ತಿದ್ದರು. ನಮ್ಮ ನಾಯಕ "ತಡೀರಿ" ಅಂತ ಟೈಪ್ ಮಾಡಿದ. ತಡೆದೆವು. ಅವರೆಲ್ಲ ಒಬ್ಬೊಬ್ಬರಾಗಿ ಉರುಳಿದರು, ಅವರ ಪೆಟ್ಟಿನ ಲೆಕ್ಕವೂ ಅವರ ಜೊತೆಗೇ ಹೋಯಿತು, ನಾವು ನುಗ್ಗಿದೆವು. ಕಂಪನಿಯ ಯಾವ ನಿಯಮವನ್ನೂ ಮುರಿಯಲಿಲ್ಲ. ಆ ಆಟದಲ್ಲಿ ಸತ್ತರೆ ಮೈಮೇಲಿದ್ದದ್ದೆಲ್ಲ ಹೆಣದಲ್ಲೇ ಉಳಿಯುತ್ತಿತ್ತು. ನಾವು ಲೂಟ್ ಹಂಚಿಕೊಳ್ಳುತ್ತಿರುವಾಗ ಅವರು ಬರಿಮೈಯಲ್ಲಿ ಓಡಿ ಬಂದು ನಮ್ಮ ಕಾಲ ಬಳಿ ಬಿದ್ದಿದ್ದ ತಮ್ಮ ಹೆಣಗಳನ್ನು ಹುಡುಕಿಕೊಂಡರು. ಒಬ್ಬ ಮಾತ್ರ "ಗ್ರ್ಯಾಟ್ಸ್" ಅಂತ ಅಭಿನಂದನೆ ಬರೆದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ವಾರದಿಂದ ಪಾಳಿ ಪಟ್ಟಿಯನ್ನು ಯಾರೂ ಕೇಳಲಿಲ್ಲ. ನಮ್ಮ ಸರದಿ ಅಂತ ಹೇಳಿಕೊಳ್ಳಲು ನಮಗೆ ಬಾಯಿಯಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಅಲಾರಂ ಇಟ್ಟು ಎಲ್ಲರೂ ಗುಹೆ ಬಾಗಿಲು ಕಾಯುವುದೇ ಆಯಿತು. ಆಫೀಸಿನಲ್ಲಿ ಕೀಬೋರ್ಡಿನ ಮೇಲೆ ತೂಕಡಿಸಿದ್ದೇನೆ ಕಣೋ.

ಇಂಥದ್ದು ಬೇರೆ ಆಟಗಳಲ್ಲೂ ಆಗಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಕಝಾಕ್ ಅನ್ನುವ ಬಾಸ್ ಒಬ್ಬೊಬ್ಬ ಆಟಗಾರನನ್ನು ಕೊಂದಾಗಲೂ ಚೇತರಿಸಿಕೊಳ್ಳುತ್ತಿದ್ದ; ಎದುರು ಪಕ್ಷದವರು ಬೇಕೆಂದೇ ಬಂದು ಅವನ ಕೈಯಲ್ಲಿ ಸಾಯುತ್ತಿದ್ದರು, ಹೊಡೆಯುತ್ತಿರುವವರಿಗೆ ಸಿಗದಿರಲಿ ಅಂತ. 2012ರಲ್ಲಿ ಬಂದ ಗಿಲ್ಡ್ ವಾರ್ಸ್ 2, ಕೈಜೋಡಿಸಿದವರಿಗೆಲ್ಲ ಅವರವರದೇ ಪಾಲು ಕೊಟ್ಟು ಜಗಳದ ಬೇರನ್ನೇ ಕಿತ್ತಿತು. ಒಳ್ಳೆಯದೇ. ಆದರೂ ನನಗೆ ಎಲ್ಲರೂ ಪೈಪೋಟಿಗಿಳಿಯುತ್ತಿದ್ದ ಹಳೆಯ ಬಯಲೇ ಇಷ್ಟ. ಎದುರಾಳಿಯ ಪರಿಚಯ ಆಗುತ್ತಿದ್ದದ್ದು ಅಲ್ಲೇ. ರಾಲೋಸ್ ಝೆಕ್ ಅಂತ ಒಂದು ಎವರ್‌ಕ್ವೆಸ್ಟ್ ಸರ್ವರ್, ಆಟಗಾರರೇ ಒಬ್ಬರನ್ನೊಬ್ಬರು ಕೊಲ್ಲುವ ಜಾಗ. 2003ರ ನವೆಂಬರ್‌ನಲ್ಲಿ ಅಲ್ಲಿಯ ಎದುರಾಳಿ ಗಿಲ್ಡ್‌ಗಳೇ ಒಂದಾಗಿ, ಯಾರಿಂದಲೂ ಸಾಯದು ಅಂದುಕೊಂಡಿದ್ದ ಕೆರಾಫಿರ್ಮ್ ಡ್ರ್ಯಾಗನ್ ಮೇಲೆ ಬಿದ್ದವು. ಮೊದಲ ಸಲ ಕಂಪನಿಯವರೇ ಅದನ್ನು ನಡುವೆ ಮಾಯ ಮಾಡಿದರು. ಮತ್ತೆ ಸೇರಿದರು, ಸುಮಾರು ಇನ್ನೂರು ಜನ, ಮೂರು ಗಂಟೆಯ ಹತ್ತಿರ ಹೊಡೆದು ಕೆಡವಿದರು.

ನಿನಗಾದ ಅನ್ಯಾಯ ಅನ್ಯಾಯವೇ. ಕಸಿದವರ ನಾಯಕನಿಗೆ ನೇರವಾಗಿ ಬರಿ, ರೆಕಾರ್ಡಿಂಗ್ ಇದ್ದರೆ ಕಳಿಸು, ಪಾಳಿಗೆ ಒಪ್ಪದಿದ್ದರೆ ಅವರೊಂದಿಗೆ ಓಟಕ್ಕೆ ನಿಲ್ಲು, ಸೋತರೆ ಸೋಲು. ಬಾಸ್ ಹುಟ್ಟಿದ ಕ್ಷಣ ಹೊಡೆಯುವ ಬಾಟ್ ಮಾತ್ರ ಹಾಕಬೇಡ, ಅದು ಓಟವಲ್ಲ. ಆ ಚಿಕ್ಕ ಗಿಲ್ಡಿಗೆ ಇವತ್ತೇ ತಿಳಿಸು, ಶನಿವಾರ ನೀವು ಬರುವುದಿಲ್ಲ ಅಂತ. ಹೀಲರ್ ಬೇಕಾದರೆ ಕರೆಯಿರಿ ಅಂತಲೂ ಸೇರಿಸು. ಕರೆಯದಿದ್ದರೆ ರಾತ್ರಿ ಊಟಕ್ಕೆ ನಮ್ಮ ಮನೆಗೆ ಬಾ, ಅತ್ತೆ ಒತ್ತುಶ್ಯಾವಿಗೆ ಮಾಡುತ್ತಾಳೆ.