ಆನ್‌ಲೈನ್ ಹರಾಜಿನಲ್ಲಿ ಹಳೇ ಪದ್ಮಿನಿ: ಎಂಜಿನ್ ಕೊನೆಗೆ ನೋಡಿ

ಹುಣಸೆ ಮರದ ಫಸಲು ಹಿಡಿಯುವವರು ಹರಾಜು ಕೂಗುವ ಮುಂಚೆ ಮರದ ಕೆಳಗೆ ಒಂದು ಸುತ್ತು ಬರುತ್ತಾರೆ. ಕೊಂಬೆ ಬಗ್ಗಿಸಿ, ಒಂದು ಕಾಯಿ ಮುರಿದು, ಹುಳು ಬಿದ್ದಿದೆಯೇ ಎಂದು ನೋಡಿ, ಆಮೇಲಷ್ಟೇ ಬಾಯಿ ಬಿಡುತ್ತಾರೆ. ಆನ್‌ಲೈನ್ ಹರಾಜಿನಲ್ಲಿ ಆ ಸೌಕರ್ಯ ಇಲ್ಲ. ಮೂವತ್ತು ಫೋಟೊ, ಎರಡು ನಿಮಿಷದ ವಿಡಿಯೊ, ಪಕ್ಕದಲ್ಲಿ ಹಿಂದಕ್ಕೆ ಓಡುವ ಗಡಿಯಾರ, ಅಷ್ಟೇ. ಅಪ್ಪನ ಕಾಲದ ಫಿಯೆಟ್ ಮೊಬೈಲ್ ಪರದೆಯ ಮೇಲೆ ಹೊಳೆಯುತ್ತಿರುವಾಗ ಬೆರಳು ತಾನಾಗಿಯೇ ಬಟನ್ ಕಡೆ ಹೋಗುತ್ತದೆ.

ನನ್ನದೂ ಹೋಗಿತ್ತು. ಕೆನೆ ಬಣ್ಣದ ಪದ್ಮಿನಿ, ಫೋಟೊದಲ್ಲಿ ಕನ್ನಡಿಯಂತೆ ಕಾಣುತ್ತಿತ್ತು. ಲಾರಿಯಿಂದ ಇಳಿಸಿ ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿದರೆ ನಮ್ಮ ಮನೆ ಮುಂದಿನ ಜಲ್ಲಿ ಕಾಣಿಸಿತು. ಎಂಜಿನ್ ಮಾತ್ರ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ವಿಡಿಯೊದಲ್ಲಿ ನಾನು ಗಮನಿಸಿದ್ದೂ ಅದೊಂದನ್ನೇ. ಅಂದಿನಿಂದ, ಕೇಳಿದವರಿಗೆ ನಾನು ಹೇಳುವ ಕ್ರಮವೇ ಬೇರೆ: ಮೊದಲು ಕಾಗದ, ಆಮೇಲೆ ತಗಡು, ಎಂಜಿನ್ ಕೊನೆಗೆ. ಎಂಜಿನ್ ಬಿಚ್ಚಿ ಕಟ್ಟುವ ಮೇಸ್ತ್ರಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ತೂತು ಬಿದ್ದ ತಗಡಿನ ಟಿಂಕರಿಂಗ್ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ಇಲ್ಲದ ಕಾಗದವನ್ನಂತೂ ಯಾವ ಮೇಸ್ತ್ರಿಯೂ ಹುಟ್ಟಿಸಲಾರ.

ಇಲ್ಲಿ ಪದ್ಮಿನಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಶುರುಮಾಡಿದ ಕಾರು ಇದು. 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. ಹೊಸ ಶತಮಾನದ ಹೊಸ್ತಿಲಲ್ಲಿ ತಯಾರಿಕೆ ನಿಂತಿತು. ಹೆಸರು ಬದಲಾದರೂ ನಮ್ಮ ಜನರ ಬಾಯಲ್ಲಿ ಅದು ಇವತ್ತಿಗೂ ಫಿಯೆಟ್ಟೇ. ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಕಾಂಟೆಸಾ ಕೊಳ್ಳುವವರಿಗೂ ಮುಂದಿನ ಮಾತುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

ಕಾಗದದ ಕೆಲಸ

ಕಾರಿನ ನೋಂದಣಿ ಸಂಖ್ಯೆಯನ್ನು ಹರಾಜು ಪುಟದಲ್ಲಿ ಮರೆಮಾಡಿದ್ದರೆ ಮೊದಲು ಅದನ್ನು ಕೇಳಿ ಪಡೆಯಿರಿ. ಕೊಡದವರ ಕಾರು ಬೇಡ. ಎಂಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ನೋಂದಣಿ ಜೀವಂತವಾಗಿದೆಯೇ, ಯಾವ ದಿನಾಂಕದವರೆಗೆ ಇದೆ, ಸಾಲದ ಹೊರೆ ದಾಖಲಾಗಿದೆಯೇ ಎಂಬುದು ತಿಳಿಯುತ್ತದೆ. ಎಂವೈ, ಸಿಎ ಎಂದು ಶುರುವಾಗುವ ಹಳೇ ಸಂಖ್ಯೆಗಳ ಕಾರುಗಳಲ್ಲಿ, ಅಂದರೆ ನಮ್ಮಲ್ಲಿ ಕೆಎ ಬರುವುದಕ್ಕೆ ಮುಂಚಿನವುಗಳಲ್ಲಿ, ಒಂದು ತೊಡಕಿದೆ. ಕೆಲವು ಕಾರುಗಳ ದಾಖಲೆ ಆರ್‌ಟಿಒದ ದಪ್ಪ ಪುಸ್ತಕದಲ್ಲಿ ಇರುತ್ತದೆ, ಕಂಪ್ಯೂಟರ್‌ಗೆ ಏರಿರುವುದಿಲ್ಲ. ಹಾಗಿದ್ದರೆ ಆ ಕೆಲಸವನ್ನು ಮಾರುವವರೇ ಮುಗಿಸಿಕೊಡಲಿ. ‘ನೀವು ತಗೊಂಡ ಮೇಲೆ ಮಾಡಿಸಿಕೊಳ್ಳಬಹುದು ಸಾರ್, ಸುಲಭ’ ಎಂದರೆ ನಂಬಬೇಡಿ. ಸುಲಭವಾಗಿದ್ದರೆ ಅವರೇ ಮಾಡಿಸಿ, ಇನ್ನೂ ಹೆಚ್ಚಿನ ಬೆಲೆಗೆ ಮಾರುತ್ತಿದ್ದರು.

ಮುಂದಿನ ಪ್ರಶ್ನೆ: ಆರ್‌ಸಿ ಯಾರ ಹೆಸರಿನಲ್ಲಿದೆ? ಹಳೇ ಕಾರುಗಳಲ್ಲಿ ಅದು ಬಹಳ ಸಲ ತೀರಿಕೊಂಡ ತಾತನ ಹೆಸರಿನಲ್ಲೇ ಉಳಿದಿರುತ್ತದೆ. ಮಾರುತ್ತಿರುವವರು ಮೊಮ್ಮಗ, ಊರಲ್ಲಿ ಇನ್ನೂ ನಾಲ್ವರು ವಾರಸುದಾರರು. ಮಾಲೀಕರು ತೀರಿಕೊಂಡಾಗ ವಾರಸುದಾರರು ಫಾರಂ 31ರಲ್ಲಿ ಅರ್ಜಿ ಹಾಕಿ ಕಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆ ಹೆಜ್ಜೆ ಮುಗಿಯದೆ ನಿಮ್ಮ ಹೆಸರಿಗೆ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕುವ ಹಕ್ಕು ಯಾರಿಗೂ ಇರುವುದಿಲ್ಲ. ಬೇರೆ ರಾಜ್ಯದ ಕಾರಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಕಾರಿನ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಬೇಕು. ದೆಹಲಿಯ ಕಾರು ಅಗ್ಗ ಎಂದು ಅನೇಕರು ಹಿಂದೆ ಬೀಳುತ್ತಾರೆ. ಆ ಭಾಗದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ಬಂದ ನಿರ್ಬಂಧದಿಂದಲೇ ಅವು ಅಗ್ಗ. ನೋಂದಣಿ ರದ್ದಾಗಿದ್ದರೆ ನೀವು ಕೊಳ್ಳುವುದು ಕಾರಲ್ಲ, ಗುಜರಿ.

ಸರ್ಕಾರಿ ಇಲಾಖೆಗಳ ಬಿಳಿ ಅಂಬಾಸಿಡರ್ ಇ-ಹರಾಜಿಗೆ ಬಂದಿದೆ ಎಂದು ಸಂಭ್ರಮಪಡುವವರಿಗೆ ಒಂದು ಮಾತು. 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಅಂಬಾಸಿಡರ್ ತಯಾರಿಕೆ ನಿಂತದ್ದೇ 2014ರಲ್ಲಿ. ಲೆಕ್ಕ ನೀವೇ ಹಾಕಿ.

ಖಾಸಗಿ ಕಾರಿನ ನೋಂದಣಿ ಮೊದಲಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2022ರಲ್ಲಿ ಅದರ ಶುಲ್ಕ 5,000 ರೂಪಾಯಿ ಆಯಿತು, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೆ ಏರಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ್ದರೆ ಇನ್ನೊಂದು ದಾರಿಯಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ವಿಂಟೇಜ್ ವಾಹನ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಅಂಥ ಕಾರಿನಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬ ಷರತ್ತೂ ಇದೆ. ಡೀಸೆಲ್ ಎಂಜಿನ್ ಕೂರಿಸಿದ ಐವತ್ತು ವರ್ಷದ ಫಿಯೆಟ್ಟನ್ನು ‘ವಿಂಟೇಜ್’ ಎಂದು ಮಾರುವವರಿಗೆ ಇದನ್ನು ನೆನಪಿಸಿ.

ಕೊನೆಯದಾಗಿ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳ ಮೇಲೆ ಕಾಗದವಿಟ್ಟು ಪೆನ್ಸಿಲ್‌ನಿಂದ ಉಜ್ಜಿದ ಅಚ್ಚಿನ ಫೋಟೊ ತರಿಸಿಕೊಳ್ಳಿ. ಆರ್‌ಸಿಯೊಂದಿಗೆ ಒಂದೊಂದು ಅಂಕಿಯನ್ನೂ ಹೋಲಿಸಿ.

ತಗಡು ನೋಡುವ ಬಗೆ

ಪದ್ಮಿನಿಗೆ ಜೀಪಿನಂತೆ ಬೇರೆ ಚಾಸಿ ಚೌಕಟ್ಟು ಇಲ್ಲ. ಬಾಡಿಯೇ ಅದರ ಎಲುಬು. ಹಾಗಾಗಿ ನೆಲದ ತಗಡು, ಬಾಗಿಲ ಕೆಳಗಿನ ಸಿಲ್, ಜಾಕ್ ಕೊಡುವ ಜಾಗ ತುಕ್ಕು ಹಿಡಿದರೆ ಅದು ಅಂದದ ಪ್ರಶ್ನೆಯಲ್ಲ, ಕಾರಿನ ಬಲದ ಪ್ರಶ್ನೆ. ಮುಂಬೈ, ಮಂಗಳೂರು, ಕಾರವಾರದಂಥ ಕಡಲ ಗಾಳಿಯ ಊರಲ್ಲಿ ನಿಂತ ಕಾರಿಗೆ ದುಪ್ಪಟ್ಟು ಅನುಮಾನ ಇರಲಿ.

ಹರಾಜಿನ ಫೋಟೊಗಳಲ್ಲಿ ಏನು ಇಲ್ಲ ಎಂಬುದನ್ನು ಹುಡುಕಿ. ಸ್ಟಿಯರಿಂಗ್ ಪಕ್ಕದ ಗೇರ್ ಹಿಡಿಯ ಚಿತ್ರ ಐದು ಇವೆ, ಕಾರಿನ ಅಡಿಯ ಚಿತ್ರ ಒಂದೂ ಇಲ್ಲ ಎಂದರೆ ಮರೆತದ್ದಲ್ಲ, ಮರೆಸಿದ್ದು. ನೀರು ಹಾಕಿ ತೊಳೆದ ಕೂಡಲೇ ತೆಗೆದ ಫೋಟೊದಲ್ಲಿ ಮಾಸಿದ ಬಣ್ಣವೂ ಹೊಸದರಂತೆ ಮಿನುಗುತ್ತದೆ. ನಾನು ಏಮಾರಿದ್ದು ಅಲ್ಲೇ. ಒಣಗಿದ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಪಕ್ಕೆಯ ಉದ್ದಕ್ಕೂ ಓರೆಯಾಗಿ ಹಿಡಿದು ತೆಗೆಯಲು ಹೇಳಿ. ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಬಾಗಿಲ ಮೇಲೆ ಬಿದ್ದ ಬೆಳಕಿನ ಗೆರೆ ಹಾವಿನಂತೆ ಹೊರಳಿದರೆ ಕೆಳಗೆ ಪುಟ್ಟಿ ತುಂಬಿದೆ.

ಆಮೇಲೆ ಅಯಸ್ಕಾಂತ. ಫ್ರಿಜ್ ಬಾಗಿಲಿಗೆ ಅಂಟಿಸುವಂಥ ಚಿಕ್ಕದೊಂದು ಸಾಕು. ತೆಳ್ಳಗಿನ ಬಟ್ಟೆಯಲ್ಲಿ ಸುತ್ತಿ ಸಿಲ್, ಚಕ್ರದ ಕಮಾನು, ಹೆಡ್‌ಲೈಟ್ ಸುತ್ತ, ಬಾಗಿಲ ಕೆಳ ಅಂಚುಗಳ ಮೇಲೆ ಒಂದೇ ವಿಡಿಯೊದಲ್ಲಿ, ಎಲ್ಲೂ ಕತ್ತರಿಸದೆ, ಎಳೆಯುತ್ತಾ ಹೋಗಲು ಹೇಳಿ. ಅಯಸ್ಕಾಂತ ಜಾರಿ ಬಿದ್ದ ಜಾಗದಲ್ಲಿ ಪುಟ್ಟಿ ದಪ್ಪವಾಗಿದೆ. ಒಂದೆರಡು ಕಡೆ ಬಿದ್ದರೆ ಚಿಂತೆಯಿಲ್ಲ, ನಲವತ್ತು ವರ್ಷದ ಕಾರಿಗೆ ಗೀರು ಗಾಯ ಸಹಜ. ಸಿಲ್ ಉದ್ದಕ್ಕೂ ನಿಲ್ಲದಿದ್ದರೆ ಹರಾಜಿನ ಪುಟ ಮುಚ್ಚಿಬಿಡಿ.

ಮ್ಯಾಟ್‌ಗಳನ್ನು ಎತ್ತಿಸಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆಸಿ ಅದರ ಅಡಿ ತೋರಿಸಲಿ. ಬ್ಯಾಟರಿ ಕೂರುವ ತಟ್ಟೆಯನ್ನೂ, ಮುಂದಿನ ಗಾಜಿನ ರಬ್ಬರ್ ಅಂಚನ್ನೂ ಬಿಡಬೇಡಿ. ಅಡಿಭಾಗಕ್ಕೆ ಹೊಸದಾಗಿ ಕಪ್ಪು ಡಾಂಬರು ಬಳಿದಿದ್ದರೆ ನನಗೆ ಖುಷಿಗಿಂತ ಭಯವೇ ಜಾಸ್ತಿ.

ಟ್ಯಾಕ್ಸಿಯಾಗಿತ್ತೇ?

ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ ‘ಕಾಳಿ-ಪೀಲಿ’ ಎಂದರೆ ದಶಕಗಳ ಕಾಲ ಪದ್ಮಿನಿಯೇ. ಅಲ್ಲಿ ಟ್ಯಾಕ್ಸಿಯ ವಯೋಮಿತಿ 20 ವರ್ಷ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು, ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಆ ಅಧ್ಯಾಯ ಮುಗಿಯಿತು. ಹಗಲು ರಾತ್ರಿ ದುಡಿದ ಕಾರು ಹೊಸ ಬಣ್ಣ ಬಳಿದುಕೊಂಡು ‘ಒಂದೇ ಕುಟುಂಬದ ಕಾರು’ ಎಂದು ಬರಬಹುದು. ಎಡಗಡೆಯ ಮುಂದಿನ ಮಡ್‌ಗಾರ್ಡ್ ನೋಡಿ, ಹಳೇ ಮೀಟರ್ ಕೂರುತ್ತಿದ್ದದ್ದು ಅಲ್ಲಿ, ಹೊರಗಡೆಯೇ. ಮುಚ್ಚಿದ ತೂತಿನ ಗುರುತು ಸಿಗಬಹುದು. ಬಾಗಿಲ ರಬ್ಬರ್ ಸರಿಸಿದರೆ ಕೆಳಗೆ ಹಳದಿ ಇಣುಕುತ್ತದೆ. ಓಡೋಮೀಟರ್ ನೋಡಿ ಪ್ರಯೋಜನವಿಲ್ಲ. ಹಳೇ ಮೀಟರ್‌ಗಳಲ್ಲಿ ಸಾಮಾನ್ಯವಾಗಿ ಐದೇ ಅಂಕಿ, 99,999 ಆದ ಮೇಲೆ ಮತ್ತೆ ಸೊನ್ನೆ.

ಈಗ ಎಂಜಿನ್

1,089 ಸಿಸಿ, ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್. ಬಹಳ ಸರಳ ಯಂತ್ರ. ತಣ್ಣಗಿರುವಾಗ ಸ್ಟಾರ್ಟ್ ಮಾಡುವ ವಿಡಿಯೊ ಬೇಕೆಂದು ಕೇಳಿ. ಮೊದಲು ಬಾನೆಟ್ ತೆರೆದು ಎಂಜಿನ್ ಮೇಲೆ ಬರಿಗೈ ಇಟ್ಟು ತೋರಿಸಲಿ, ಬಿಸಿಯಾಗಿದ್ದರೆ ಕೈ ಸುಟ್ಟೀತು, ಸುಳ್ಳು ಹೇಳಲಾಗದು. ಚೋಕ್ ಎಳೆದು ಹಚ್ಚಿದ ಮೇಲೆ ಹತ್ತು ನಿಮಿಷ ಬಿಡದೆ ಓಡಲಿ, ಕ್ಯಾಮೆರಾ ಸೈಲೆನ್ಸರ್ ಕಡೆ ಇರಲಿ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಕಾರ್ಬ್ಯುರೇಟರ್‌ದು, ಹೆದರಬೇಡಿ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಕೆನೆ ಕಂಡರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಗೇಜ್ ಅಳತೆ ಸಿಕ್ಕರೆ ಅರ್ಧ ಜಾತಕ ಸಿಕ್ಕಂತೆ. ನಾಲ್ಕೂ ಹತ್ತಿರ ಹತ್ತಿರ ಇರಬೇಕು, ಒಂದು ಮಾತ್ರ ಕೆಳಗಿಳಿದಿದ್ದರೆ ಅಲ್ಲಿ ರೋಗವಿದೆ.

ವರ್ಷಗಟ್ಟಲೆ ನಿಂತ ಕಾರಿನಲ್ಲಿ ಬ್ರೇಕ್ ಸಿಲಿಂಡರ್‌ಗಳು ಕಚ್ಚಿಕೊಂಡಿರುತ್ತವೆ, ಪೆಟ್ರೋಲ್ ಟ್ಯಾಂಕ್ ಒಳಗೆ ತುಕ್ಕು ಕೂತಿರುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪುಗಳಿಗೆ ಆಗಿಬರುವುದಿಲ್ಲ, ಅವನ್ನು ಬದಲಾಯಿಸುವ ಖರ್ಚನ್ನು ಮೊದಲೇ ಬರೆದಿಡಿ. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿ ಇರುತ್ತದೆ. 2316 ಎಂದಿದ್ದರೆ 2016ರ 23ನೇ ವಾರದ್ದು. ಟ್ರೆಡ್ ಹೊಸದರಂತಿದ್ದರೂ ಅದು ಎಸೆಯುವ ಟೈರು.

ಇಷ್ಟೆಲ್ಲ ವಿಡಿಯೊ ಕೇಳುವ ಬದಲು ಆ ಊರಿನ ಒಬ್ಬ ಫಿಯೆಟ್ ಮೆಕ್ಯಾನಿಕ್‌ಗೆ ದಿನದ ಕೂಲಿ ಮತ್ತು ಬಸ್ ಚಾರ್ಜು ಕೊಟ್ಟು ಕಳಿಸುವುದು ಎಲ್ಲಕ್ಕಿಂತ ಒಳ್ಳೆಯದು. ಕಾರು ನೋಡಲು ಬಿಡದ ಹರಾಜಿಗೆ ನಾನಂತೂ ಇನ್ನು ಕೈ ಹಾಕುವುದಿಲ್ಲ.

ಕೂಗುವ ದಿನ

ನೀವು ಕೂಗಿದ ಮೊತ್ತವೇ ಬೆಲೆಯಲ್ಲ. ಅದರ ಮೇಲೆ ಹರಾಜು ಸಂಸ್ಥೆಯ ಕಮಿಷನ್, ಅದಕ್ಕೆ ಜಿಎಸ್‌ಟಿ, ಲಾರಿ ಬಾಡಿಗೆ, ಸಾಗಣೆಯ ವಿಮೆ, ತೆರಿಗೆ, ನವೀಕರಣ, ಟೈರು, ಬ್ಯಾಟರಿ. ‘ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ’ ಎಂಬ ಷರತ್ತಿಗೆ ಒಪ್ಪಿದ ಮೇಲೆ ತಕರಾರಿಗೆ ಜಾಗ ಬಹಳ ಕಡಿಮೆ. ನನ್ನ ಲೆಕ್ಕ ಒರಟು: ಕಾರಿಗೆಂದು ತೆಗೆದಿಟ್ಟ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಕೂಗಬೇಡಿ. ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಕೂಗಿದರೆ ಸಮಯ ತಾನಾಗಿ ಮುಂದಕ್ಕೆ ಹೋಗುವ ವ್ಯವಸ್ಥೆ ಹಲವು ಕಡೆ ಇದೆ, ಕೊನೇ ಕ್ಷಣದಲ್ಲಿ ಹಾರಿ ಗೆಲ್ಲುತ್ತೇನೆ ಎಂಬ ಜಾಣತನ ಅಲ್ಲಿ ನಡೆಯದು. ಹರಾಜಿನ ಹೊರಗೆ ಫೋನ್ ಮಾಡಿ, ‘ನಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಮುಂಗಡ ಹಾಕಿ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಕಾರು ಬಂದ ದಿನ ಲಾರಿಯ ಮೇಲಿರುವಾಗಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಆಮೇಲೆ ಚಾಲಕನ ಚೀಟಿಗೆ ಸಹಿ ಹಾಕಿ. ಮಾಲೀಕತ್ವ ಬದಲಾದದ್ದನ್ನು ಕೊಂಡವರು ಆರ್‌ಟಿಒಗೆ ತಿಳಿಸಲು ಇರುವ ಗಡುವು 30 ದಿನ. ಕಾರು ತೊಳೆದು, ಹೂವಿಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಡುವ ಮುಂಚೆ ಫಾರಂ 30 ತುಂಬಿ.