ಹಳೆಯ ಚಿನ್ನದ ಸಾಕ್ಷ್ಯ

ಈಜಿಪ್ಟಿನ ಅರಸ ಟುಟಾಂಖಾಮನ್‌ನ ಚಿನ್ನದ ಮುಖವಾಡವು ಸುಮಾರು 3,200 ವರ್ಷ ಗೋರಿಯ ಕತ್ತಲೆಯಲ್ಲಿದ್ದು 1925ರಲ್ಲಿ ಬೆಳಕು ಕಂಡಿತು. ಆಗಲೂ ಅದಕ್ಕೆ ತುಕ್ಕು ಹಿಡಿದಿರಲಿಲ್ಲ. ಚಿನ್ನವು ಗಾಳಿಯ ಆಮ್ಲಜನಕದೊಡನೆ ಕೂಡುವುದಿಲ್ಲ. ನೀರೂ ಅದನ್ನು ಕೆಡಿಸಲಾರದು.

ನಮ್ಮ ನಾಡಿನಲ್ಲಿಯೂ ಇಂತಹ ಪ್ರಾಚೀನ ಒಡವೆಗಳುಂಟು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಉತ್ಖನನ ನಡೆದಾಗ ನವಶಿಲಾಯುಗದ ನೆಲೆಯಲ್ಲಿ ಚಿನ್ನದ ಆಭರಣಗಳು ದೊರೆತವು. ಕಲ್ಲಿನ ಕೊಡಲಿಯನ್ನು ಬಳಸುತ್ತಿದ್ದ ಜನರೂ ಚಿನ್ನವನ್ನು ಬಲ್ಲವರಾಗಿದ್ದರೆಂಬುದು ಇದರಿಂದ ಸಿದ್ಧವಾಯಿತು.

ಇವುಗಳ ಕಾಲವನ್ನು ತಿಳಿಯುವ ಬಗೆ ಹೇಗೆ? ಈಜಿಪ್ಟಿನ ಗೋರಿಯಲ್ಲಿ ಅರಸನ ಹೆಸರು ಬರೆದಿದ್ದಿತು. ತೆಕ್ಕಲಕೋಟೆಯ ಜನರಿಗೆ ಲಿಪಿಯಿರಲಿಲ್ಲ. ಚಿನ್ನವಾದರೋ ತನ್ನ ವಯಸ್ಸನ್ನು ತಾನೇ ಹೇಳದು. ಒಡವೆಯಿದ್ದ ಮಣ್ಣಿನ ಪದರ, ಅದರೊಡನೆ ಸಿಕ್ಕ ಮಡಕೆಯ ಚೂರು, ಇದ್ದಿಲು ಇವೇ ಸಾಕ್ಷಿಗಳು. ಇದ್ದಿಲಿನಲ್ಲಿ ಉಳಿದಿರುವ ವಿಕಿರಣಶೀಲ ಇಂಗಾಲವನ್ನು ಅಳೆದು ಅದರ ವಯಸ್ಸನ್ನು ಗಣಿಸಬಹುದು.

ಚಿಕ್ಕೋಡಿಯ ಹೊಲವೊಂದರಲ್ಲಿ ನೇಗಿಲಿಗೆ ಹಳೆಯ ಒಡವೆ ಸಿಕ್ಕಿತೆನ್ನೋಣ. ಅಕ್ಕಸಾಲಿಗನ ಮೂಸೆಯಲ್ಲಿ ಅದನ್ನು ಕರಗಿಸಿದರೆ ಚಿನ್ನವೇನೋ ಉಳಿಯುವುದು. ಅದರ ಕುಸುರಿ ಕೆಲಸವೂ ಇತಿಹಾಸವೂ ಅಳಿಯುವುವು. ಆದುದರಿಂದ ಸಿಕ್ಕ ಸ್ಥಳವನ್ನು ಕೆದಕದೆ ಸರ್ಕಾರಕ್ಕೆ ತಿಳಿಸತಕ್ಕದ್ದು. ಇದು ಕಾನೂನಿನ ವಿಧಿ ಮಾತ್ರವಲ್ಲ, ವಿಜ್ಞಾನಕ್ಕೆ ಸಲ್ಲಿಸುವ ಸೇವೆಯೂ ಹೌದು.